ಕೊಡೆಯ ಪದ್ಯದ ಮೇಷ್ಟ್ರು

ನಡೆಯುವಾಗ ಅವರ ಬಲಗೈ ಹೆಬ್ಬೆರಳು ಉಳಿದ ಬೆರಳುಗಳ ಗೆಣ್ಣುಗಳ ಮೇಲೆ ಓಡಾಡುತ್ತಲೇ ಇರುತ್ತಿತ್ತು. ತೋರುಬೆರಳಿನಿಂದ ಕಿರುಬೆರಳಿಗೆ ಹೋಗಿ, ಅಲ್ಲಿ ಒಂದು ಕ್ಷಣ ನಿಂತು, ಮತ್ತೆ ಹಿಂದಕ್ಕೆ ಬರುತ್ತಿತ್ತು. ಗುಂಡ್ಲುಪೇಟೆಯ ಅಂಗಡಿಬೀದಿಯವರು ಅದನ್ನು ಪಂಚಾಕ್ಷರಿ ಜಪವೆಂದು ತಿಳಿದು ದಾರಿ ಬಿಡುತ್ತಿದ್ದರು. ಅದು ಜಪವಲ್ಲ, ಮಾತ್ರೆಗಳ ಎಣಿಕೆ ಎಂದು ಅವರ ತರಗತಿಯ ಮಕ್ಕಳಾದ ನಮಗೆ ಗೊತ್ತಿತ್ತು. ಹೆಬ್ಬೆರಳು ಓಡುತ್ತಿದ್ದರೆ ಪದ್ಯವೊಂದು ಹುಟ್ಟುತ್ತಿದೆ ಎಂದರ್ಥ. ಆಗ ಅವರನ್ನು ಮಾತಾಡಿಸಬಾರದು.

ಮೇಷ್ಟ್ರ ಮನೆ ನಮ್ಮ ಮನೆಯ ಎದುರಿಗೇ ಇತ್ತು. ಮಿಡ್ಲ್ ಸ್ಕೂಲಿನಲ್ಲಿ ನನಗೆ ಕನ್ನಡ ಕಲಿಸಿದವರು ಅವರು. ಅವರ ಪದ್ಯಗಳು ಅಚ್ಚಾದದ್ದು ಕಡಿಮೆ, ಬಾಯಿಂದ ಬಾಯಿಗೆ ಹೋದದ್ದೇ ಹೆಚ್ಚು. ಕೊಡೆಯ ಪದ್ಯವಂತೂ ಊರಿಗೆಲ್ಲ ಬರುತ್ತಿತ್ತು:

ಅಪ್ಪನ ಕೊಡೆಯಲಿ ತೂತುಗಳುಂಟು
ಬಿಸಿಲಲಿ ಬಿಡಿಸಲು ಚುಕ್ಕಿಗಳುಂಟು

ಓದು ಬಾರದ ನಮ್ಮಜ್ಜಿ ರಾಗಿ ಬೀಸುವಾಗ ಇದನ್ನು ತನ್ನದೇ ರಾಗದಲ್ಲಿ ಹೇಳಿಕೊಳ್ಳುತ್ತಿದ್ದಳು. ಎದುರುಮನೆಯ ಜಗಲಿಯಲ್ಲಿ ಕೂತು ಕೇಳುವ ಮೇಷ್ಟ್ರಿಗೆ ಅದಕ್ಕಿಂತ ದೊಡ್ಡ ಸನ್ಮಾನ ಬೇಕಾಗಿರಲಿಲ್ಲ.

ಅಂಥವರು ಚುನಾವಣೆಗೆ ನಿಂತದ್ದು ನಮ್ಮಂಥ ಹುಡುಗಿಯರಿಗಾಗಿ. ಮಿಡ್ಲ್ ಸ್ಕೂಲು ಮುಗಿಸಿದವರೆಲ್ಲ ಮನೆಯಲ್ಲಿ ಕೂರುತ್ತಿದ್ದ ಕಾಲ. ಪುರಸಭೆಯ ಹಳೆಯ ಛತ್ರ ಖಾಲಿ ಬಿದ್ದಿದೆ, ಅಲ್ಲಿ ಹುಡುಗಿಯರಿಗೆ ಹೈಸ್ಕೂಲು ತೆರೆಯಿರಿ ಎಂದು ಮೇಷ್ಟ್ರು ಕೇಳುತ್ತಲೇ ಬಂದಿದ್ದರು. ಪುರಸಭೆ ಅದನ್ನು ಕಡಲೆಕಾಯಿ ಗೋದಾಮಿಗೆ ಕೊಡಲು ಹೊರಟಾಗ, ಅವರು ಕೆಲಸಕ್ಕೆ ರಾಜೀನಾಮೆ ಕೊಟ್ಟು ನಮ್ಮ ವಾರ್ಡಿಗೆ ಉಮೇದುವಾರರಾದರು. ಆಗ ನಾನು ಮಿಡ್ಲ್ ಸ್ಕೂಲಿನ ಕೊನೆಯ ತರಗತಿ. ಉಡಿಗಾಲದ ಕಡೆಯ ಸಂಬಂಧವೊಂದರ ಮಾತು ಮನೆಯಲ್ಲಿ ಆಗಲೇ ಎದ್ದಿತ್ತು. ಮೇಷ್ಟ್ರ ಸಂಬಳವಂತೂ ಹೋಗಿತ್ತು, ಅವರು ಸೋತರೆ ನನ್ನ ಓದೂ ಹೋಗುತ್ತದೆ ಎಂಬುದು ನನಗೆ ತಿಳಿದಿತ್ತು.

ಆಗೆಲ್ಲ ಒಬ್ಬೊಬ್ಬ ಉಮೇದುವಾರರಿಗೂ ಒಂದೊಂದು ಪೆಟ್ಟಿಗೆ ಇಟ್ಟು, ಅದರ ಮೇಲೆ ಅವರವರ ಗುರುತಿನ ಚಿತ್ರ ಅಂಟಿಸುತ್ತಿದ್ದರು. ಮೇಷ್ಟ್ರಿಗೆ ಏಣಿ ಬಂತು. ಎದುರಾಳಿಯಾದ ಅಕ್ಕಿ ಮಿಲ್ಲಿನ ಸಾಹುಕಾರರಿಗೆ ಕೊಡೆ ಬಂತು.

ಸಾಹುಕಾರರಿಗೆ ಹಾಡು ಬರೆಸುವ ಖರ್ಚೇ ಬೀಳಲಿಲ್ಲ. ಮಾರನೆಯ ದಿನವೇ ಅವರ ಕಡೆಯವರು ತಮಟೆ ಬಡಿಯುತ್ತ, ಮೇಷ್ಟ್ರ ಪದ್ಯವನ್ನೇ ಹಾಡುತ್ತ ನಮ್ಮ ಬೀದಿಗೆ ಬಂದರು. ಒಂದು ಬದಲಾವಣೆ ಮಾತ್ರ ಮಾಡಿಕೊಂಡಿದ್ದರು: 'ಅಪ್ಪನ ಕೊಡೆಯಲಿ ತೂತುಗಳಿಲ್ಲ.' ಮೇಷ್ಟ್ರು ಜಗಲಿಯಿಂದ ಇಳಿದು ಮೆರವಣಿಗೆಗೆ ಅಡ್ಡ ನಿಂತರು. ಜಗಳವೇ ಆಗುತ್ತದೆಂದು ನಾವು ಹೆದರಿದೆವು.

"ಏನ್ರಯ್ಯಾ, ತೂತಿಲ್ದೆ ಚುಕ್ಕಿ ಎಲ್ಲಿಂದ ಬರ್ತವೆ?"

ತಮಟೆ ನಿಂತಿತು. ಮುಂದಿದ್ದವನು ತಲೆ ಕೆರೆದುಕೊಂಡ. "ತೂತೈತೆ ಅಂದ್ರೆ ಓಟು ಯಾರ್ ಆಕ್ತಾರೆ, ಬುಡಿ ಮೇಷ್ಟ್ರೇ."

"ಹಾಕಿದ್ರೆ ಹಾಕ್ಲಿ, ಬಿಟ್ರೆ ಬಿಡ್ಲಿ. ಹಾಡೋದಾದ್ರೆ ಸರಿಯಾಗಿ ಹಾಡ್ರಿ." ಹೀಗೆಂದವರೇ ಚಪ್ಪಾಳೆ ತಟ್ಟಿ ತಾಳ ಹಾಕಿ, ಎದುರಾಳಿಯ ಮೆರವಣಿಗೆಗೆ ಪದ್ಯ ಹೇಳಿಕೊಟ್ಟು ಕಳಿಸಿದರು. ಒಳಗಿನಿಂದ ಅವರ ಹೆಂಡತಿ, "ತಮಟೇನೂ ನೀವೇ ಬಡ್ಕೊಂಡು ಹೋಗಿ!" ಎಂದು ಕೂಗಿದ್ದು ಬೀದಿಗೆಲ್ಲ ಕೇಳಿಸಿತು.

ಏಣಿಯ ಮೇಲೂ ಒಂದು ಪದ್ಯ ಕಟ್ಟಿ ಎಂದು ಸ್ನೇಹಿತರು ದುಂಬಾಲು ಬಿದ್ದರು. ನಾನೂ ಕೇಳಿದೆ. "ಕೊಡೆ ಹಿಡಿದು ನಮ್ಮಪ್ಪನ ಜೊತೆ ನಡೆದಿದೀನಿ ಕಣಮ್ಮಿ. ಏಣಿ ಮೇಲೆ ನಂಗೆ ಯಾವ ಪ್ರೀತೀನೂ ಇಲ್ವಲ್ಲ, ಸುಳ್ಳು ಹೇಗೆ ಬರೀಲಿ?" ಎಂದರು.

ಓಟಿನ ದಿನ ಮಧ್ಯಾಹ್ನ ಅಜ್ಜಿ ಗೆಲುವಾಗಿ ಹಿಂದಿರುಗಿದಳು. ಮೇಷ್ಟ್ರು ಜಗಲಿಯಲ್ಲಿದ್ದರು.

"ಮೇಷ್ಟ್ರೇ, ನಿಮ್ ಕೊಡೆಗೇ ಆಕ್ಬುಟ್ಟು ಬಂದೆ ಕಣಪ್ಪ! ಸಾಲ್ನಲ್ಲಿ ನಿಂತಿದ್ದ ಎಣ್ಮಕ್ಕಳ್ಗೆಲ್ಲ ಯೋಳ್ಬುಟ್ಟೆ, ಮೇಷ್ಟ್ರು ಕೊಡೆ ಅದೇ ಕಣ್ರವ್ವಾ, ಅಲ್ಲಿಗೇ ಆಕಿ ಅಂತ."

ಅವರ ಹೆಬ್ಬೆರಳು ಗೆಣ್ಣಿನ ಮೇಲೆ ತಟ್ಟನೆ ನಿಂತಿತು. ಆದರೂ ಎದ್ದು ಕೈ ಮುಗಿದರು. "ಒಳ್ಳೇದಾಯ್ತು ಕಣವ್ವಾ. ಬಿಸ್ಲಲ್ಲಿ ಬಂದಿದೀಯ, ಒಳಗೆ ಹೋಗಿ ಮಜ್ಜಿಗೆ ಕುಡಿ."

ಬಾಗಿಲ ಹಿಂದೆ ಅಳುತ್ತಿದ್ದ ನನ್ನನ್ನು ಆಮೇಲೆ ಕರೆದು ಹೇಳಿದರು: "ಅಳ್ಬೇಡ ಕಣಮ್ಮಿ. ಒಂದು ಪದ್ಯಕ್ಕೆ ಇಷ್ಟು ಓಟು ಬಿದ್ದಿದ್ದು ಎಲ್ಲಾದ್ರೂ ಕೇಳಿದೀಯಾ?" ಅಜ್ಜಿಗೆ ನಿಜ ಹೇಳಬಾರದೆಂದು ನನ್ನಿಂದ ಮಾತು ತೆಗೆದುಕೊಂಡರು. ಅವಳು ಕೊನೆಯವರೆಗೂ, ತಾನೇ ಮೇಷ್ಟ್ರನ್ನು ಗೆಲ್ಲಿಸಿದವಳೆಂದು ನಂಬಿಕೊಂಡೇ ಇದ್ದಳು.

ಏಕೆಂದರೆ ಮೇಷ್ಟ್ರು ಗೆದ್ದರು. ಕೆಲವೇ ಓಟುಗಳ ಗೆಲುವು. ಅವರ ಕೈಯಲ್ಲಿ ಕಾಗುಣಿತ ತಿದ್ದಿಸಿಕೊಂಡವರು ಏಣಿಯ ಪೆಟ್ಟಿಗೆಯನ್ನು ಹುಡುಕಿ ಹಾಕಿದ್ದರು. ಬೇಸಿಗೆ ಕಳೆಯುವಷ್ಟರಲ್ಲಿ ಛತ್ರಕ್ಕೆ ಸುಣ್ಣ ಬಳಿದರು. ನಾನು ಅಲ್ಲಿನ ಮೊದಲ ತರಗತಿಯಲ್ಲಿ ಕೂತೆ.

ಹೈಸ್ಕೂಲು ನಡೆಯಿತು. ನಿಂತದ್ದು ಪದ್ಯ. ಬೆಳಗಾದರೆ ಅವರ ಜಗಲಿಯ ತುಂಬ ನಲ್ಲಿ, ಚರಂಡಿ, ಬೀದಿದೀಪದ ಮಾತು. ಅವರು ಎಲ್ಲರ ಅಹವಾಲನ್ನೂ ಕೇಳಿ, ಎಲ್ಲರಿಗೂ ಅರ್ಜಿ ಬರೆದುಕೊಡುತ್ತಿದ್ದರು. ಮೈಸೂರಿನ ಕಾಲೇಜಿನಿಂದ ರಜಕ್ಕೆ ಬಂದಾಗ ನಾನು ಮೊದಲು ನೋಡುತ್ತಿದ್ದುದು ಅವರ ಬಲಗೈಯನ್ನು. ಅದರಲ್ಲಿ ಯಾವಾಗಲೂ ಕಾಗದದ ಕಟ್ಟು ಇರುತ್ತಿತ್ತು. ಹೆಬ್ಬೆರಳು ಅದನ್ನು ಒತ್ತಿ ಹಿಡಿದಿರುತ್ತಿತ್ತು.

"ಹೊಸದು ಏನಾದ್ರೂ ಬರೆದಿರಾ ಮೇಷ್ಟ್ರೇ?" ಎಂದು ಒಮ್ಮೆ ಕೇಳಿದೆ.

"ಪದ್ಯಗಳು ಬರ್ತವೆ ಕಣಮ್ಮಿ. ಬಂದು ಬಾಗಿಲಲ್ಲಿ ನಿಂತ್ಕೋತವೆ. ಒಳಗೆ ಯಾರೋ ನಲ್ಲಿ ವಿಚಾರ ಮಾತಾಡ್ತಾ ಇರ್ತಾರೆ. ಕಾದು ಕಾದು ಹೊರಟೋಯ್ತವೆ." ನಕ್ಕರು. ನನಗೆ ನಗು ಬರಲಿಲ್ಲ.

ಮೈಸೂರಿನ ಗ್ರಂಥಾಲಯದಲ್ಲಿ ನಾನು ಬಹಳ ಪದ್ಯಗಳನ್ನು ಓದಿದ್ದೇನೆ. ಒಳ್ಳೆಯ ಸಾಲು ಸಿಕ್ಕಾಗಲೆಲ್ಲ, ಆ ವರ್ಷಗಳಲ್ಲಿ ಮೇಷ್ಟ್ರ ಬಾಗಿಲಿನಿಂದ ಹಿಂದಿರುಗಿದ ಪದ್ಯಗಳು ಹೇಗಿರುತ್ತಿದ್ದವೋ ಎಂದು ಯೋಚಿಸುತ್ತಾ ಪುಸ್ತಕ ಮುಚ್ಚಿದ್ದೇನೆ. ಅವುಗಳನ್ನು ಕೊಟ್ಟು ಅವರು ನಮಗೊಂದು ತರಗತಿ ಕೊಂಡಿದ್ದರು. ಆ ತರಗತಿ ಬೇಡವಾಗಿತ್ತು ಎನ್ನಲು ನನ್ನಿಂದ ಆಗುತ್ತಿರಲಿಲ್ಲ. ಆದರೆ ಆ ಪದ್ಯಗಳ ಹಂಬಲ ಈಗಲೂ ನನ್ನನ್ನು ಬಿಟ್ಟಿಲ್ಲ.

ಬಿ.ಎ. ಮುಗಿಸಿ ಚಾಮರಾಜನಗರದಲ್ಲಿ ಉಪಾಧ್ಯಾಯಿನಿಯಾದ ಎರಡನೆಯ ವರ್ಷ, ಮೇಷ್ಟ್ರು ಜ್ವರದಲ್ಲಿ ತೀರಿಕೊಂಡರೆಂದು ಸುದ್ದಿ ಬಂತು. ಬಸ್ಸು ಹಿಡಿದು ಹೋದೆ. ಮಣ್ಣು ಮುಗಿದು ಜನ ಚದುರಿದ ಮೇಲೆ ಅವರ ಹೆಂಡತಿ ನನ್ನನ್ನು ಹತ್ತಿರ ಕೂರಿಸಿಕೊಂಡರು.

"ಹುಡುಗೀರ ಹೈಸ್ಕೂಲಿಗೆ ಬಂದ ಮೇಡಮ್ಮಾರೆಲ್ಲ ಮೈಸೂರಿಗೆ ವರ್ಗ ಮಾಡಿಸ್ಕೊಂಡು ಹೋದ್ರು ಕಣವ್ವ. ಈ ಸಲ ಯಾರೂ ಬರ್ದಿದ್ರೆ ಮುಚ್ಚಿಬಿಡ್ತಾರಂತೆ. ಜ್ವರದಲ್ಲೂ ಅದೇ ಕನವರಿಕೆ."

"ನನಗೆ ಹೇಳಿ ಕಳಿಸಬಹುದಾಗಿತ್ತಲ್ಲ?"

"ನಾನೂ ಅದೇ ಅಂದೆ. ಅದು ಮುಂದಕ್ಕೆ ಓದಬೇಕಾದ ಮಗು, ಅದನ್ನ ಯಾಕೆ ಇಲ್ಲಿ ಕಟ್ಟಿ ಹಾಕ್ಲಿ ಅಂದ್ರು."

ನಾನು ಎಂ.ಎ. ಓದುವ ಆಸೆಯಿಂದ ಮೈಸೂರಿಗೆ ವರ್ಗ ಕೇಳುವವಳಿದ್ದೆ. ಅದು ಅವರಿಗೆ ಗೊತ್ತಿತ್ತು.

ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೆ ಚಾಮರಾಜನಗರಕ್ಕೆ ಬಂದು, ರೂಮಿಗೂ ಹೋಗದೆ ನೇರವಾಗಿ ವಿದ್ಯಾ ಇಲಾಖೆಯ ಕಚೇರಿಗೆ ಹೋದೆ. ಗುಮಾಸ್ತರು ನನ್ನ ಕೋರಿಕೆ ಕೇಳಿ ಕನ್ನಡಕ ತೆಗೆದರು.

"ಗುಂಡ್ಲುಪೇಟೆಯಿಂದ ಬಿಡಿಸಿ ಅನ್ನೋರನ್ನ ನೋಡಿದೀನಮ್ಮ. ಅಲ್ಲಿಗೇ ಹಾಕಿ ಅಂತ ಕೇಳ್ಕೊಂಡು ಬಂದೋರು ಯಾರೂ ಇಲ್ಲ. ಯೋಚನೆ ಮಾಡಿದೀರಾ?"

ಸಾಹೇಬರು ಎಷ್ಟು ಹೊತ್ತಿಗೆ ಬರುತ್ತಾರೆ ಎಂದು ಕೇಳಿ, ಹೊರಗಿನ ಬೆಂಚಿನ ಮೇಲೆ ಕುಳಿತೆ.