ನಲ್ಲಿಯಣ್ಣನನ್ನ ಕಮಿಟಿಗೆ ಕರೆದದ್ದು

ನಲ್ಲಿಯಣ್ಣ ಅಂದ್ರೆ ಊರಿಗೆಲ್ಲ ಗೊತ್ತು. ನಲ್ಲಿ, ಪೈಪು, ಟ್ಯಾಂಕು ರಿಪೇರಿ ಅವನ ಕಸುಬು. ಕೂತಲ್ಲಿ ಕೂರೋ ಜೀವ ಅಲ್ಲ. ಊಟಕ್ಕೆ ಕೂತ್ರೂ ಒಂದು ಮೊಣಕಾಲು ಕುಣೀತಾನೇ ಇರುತ್ತೆ. ಹೆಂಡ್ತಿ ಎಷ್ಟೋ ಸಲ ಆ ಮೊಣಕಾಲು ಅದುಮಿ ಹಿಡಿದು, ಇದಕ್ಕೊಂದು ವಾಲ್ವ್ ಹಾಕ್ಸಿ ಅಂದಿದ್ದಾಳೆ.

ಊರಾಚೆ ಹಳೇ ಇಟ್ಟಿಗೆ ಶೆಡ್ಡುಗಳಲ್ಲಿ ಒಂದು ಟ್ರಸ್ಟ್ ಇದೆ. ಗಾಡಿಗೆ ಸಿಕ್ಕಿದ ನರಿ, ತಂತಿಗೆ ಸಿಕ್ಕಿದ ಗೂಬೆ, ತಾಯಿ ಸತ್ತ ನೀರುನಾಯಿ ಮರಿ, ಇಂಥವನ್ನ ತಂದು ವಾಸಿ ಮಾಡಿ ಮತ್ತೆ ಕಾಡಿಗೆ ಬಿಡ್ತಾರೆ. ಅಲ್ಲೊಂದು ಪದ್ಧತಿ. ಗೂಡುಗಳ ಹತ್ರ ಯಾರೂ ಮಾತಾಡಬಾರದು. ಮನುಷ್ಯರ ದನಿ ರೂಢಿಯಾದ ಪ್ರಾಣಿ ಕಾಡಿಗೆ ಹೋದ ಮೇಲೂ ಮನುಷ್ಯರನ್ನ ಕಂಡ್ರೆ ಓಡಲ್ಲ. ಹತ್ರ ಬಂದು ಪ್ರಾಣ ಕಳ್ಕೊಳ್ಳುತ್ತೆ. ಅದಕ್ಕೇ ಗೇಟು ದಾಟಿದ್ರೆ ಎಲ್ಲಾ ಕೈಸನ್ನೆ, ಕಣ್ಸನ್ನೆ.

ಈ ಪದ್ಧತಿಯಿಂದ ನಲ್ಲಿಯಣ್ಣನಿಗೆ ಬಹಳ ಅನುಕೂಲ ಆಗಿತ್ತು. ಯಾಕಂದ್ರೆ ಅಲ್ಲಿ ಪ್ರಾಣಿಗಳಿಗೆ ಅನ್ನ ನೀರು ನೋಡ್ಕೊಳ್ಳೋನು ಅವನ ಸ್ವಂತ ಅಳಿಯ. ಇಬ್ಬರಿಗೂ ಮಾತು ಬಿಟ್ಟು ಹೋಗಿತ್ತು.

ಅಳಿಯ ಮೊದಲು ಇವನ ಅಂಗಡೀಲೇ ಇದ್ದವನು. ಕಸುಬು ಕಲಿತ, ಮಗಳನ್ನ ಕೊಟ್ಟಿದ್ದೂ ಆಯ್ತು, ಇನ್ನು ಅಂಗಡಿ ಅವನಿಗೇ ಅಂತ ನಲ್ಲಿಯಣ್ಣ ಅಂದ್ಕೊಂಡಿದ್ದ. ಒಂದು ದಿನ ಅವನು ಬಂದು, ಮಾವ, ನಾನು ಟ್ರಸ್ಟ್‌ಗೆ ಕೆಲಸಕ್ಕೆ ಸೇರ್ಕೋತೀನಿ ಅಂದ. ಇವನಿಗೆ ಪಿತ್ತ ನೆತ್ತಿಗೇರ್ತು. ನರಿ ಮೂತಿ ಒರೆಸೋಕೆ ಹೋಗೋನು ನನಗೆ ಅಳಿಯ ಅಲ್ಲ, ನಡಿ ಅಂತ ಗಿರಾಕಿಗಳ ಮುಂದೇನೇ ಅಂದುಬಿಟ್ಟ. ಅವನು ನಡೆದ. ಅವತ್ತಿಂದ ಮಗಳೂ ತವರಿನ ಕಡೆ ತಲೆ ಹಾಕಲಿಲ್ಲ. ಹೆಂಡ್ತಿ ಅಡುಗೆಮನೆ ಬಾಗಿಲು ಮುಂದೆ ಮಾಡ್ಕೊಂಡು ಮಗಳಿಗೆ ಫೋನ್ ಮಾಡ್ತಿದ್ಲು. ಇವನು ಈಚೆ ಕಿವಿ ನಿಮಿರಿಸ್ಕೊಂಡು, ಏನೂ ಕೇಳಿಸದವನ ಹಾಗೆ ಕೂತಿರ್ತಿದ್ದ.

ಆಮೇಲೊಂದು ಬೇಸಿಗೇಲಿ ಟ್ರಸ್ಟ್‌ನ ಟ್ಯಾಂಕು ಒಡೆದು, ಇವನಿಗೆ ಕರೆ ಬಂತು. ಹೋದ. ದುಡ್ಡು ಬೇಡ ಅಂದ. ಮುಂದೆ ಕರೀದಿದ್ರೂ ಹೋಗೋಕೆ ಶುರು ಮಾಡ್ದ. ಪೈಪು ಒಂದು ನೆಪ. ನೋಡ್ತಿದ್ದದ್ದು ಅಳಿಯನನ್ನ. ಅಂಗಿಗೆ ಗುಂಡಿ ಇದ್ಯಾ, ಕೆನ್ನೆ ಇಳಿದಿದ್ಯಾ, ಮುಖ ಸಪ್ಪಗಿದ್ಯಾ, ಅದರ ಮೇಲೆ ಮಗಳು ಹೇಗಿದ್ದಾಳೆ ಅಂತ ಅಂದಾಜು ಮಾಡ್ತಿದ್ದ. ಇವನು ಪೈಪು ಹಿಡಿದ್ರೆ ಅಳಿಯ ಬಂದು ಸ್ಪ್ಯಾನರ್ ಕೊಡ್ತಿದ್ದ. ಕೊಟ್ಟು ಹೋಗ್ತಿದ್ದ. ಅಲ್ಲಿ ಯಾರೂ ಮಾತಾಡಲ್ವಲ್ಲ, ಹಾಗಾಗಿ ಇವರಿಬ್ಬರು ಮಾತು ಬಿಟ್ಟೋರು ಅಂತ ಯಾರಿಗೂ ಹೊಳೀಲಿಲ್ಲ. ಟ್ರಸ್ಟ್‌ನೋರು ಹೊರಗಿಂದ ಬಂದೋರು, ಮಾವ ಅಳಿಯ ಅಂತಂತೂ ಅವರಿಗೆ ಗೊತ್ತೇ ಇಲ್ಲ.

ಹೀಗಿರುವಾಗ ಟ್ರಸ್ಟ್ ನಡೆಸೋ ಕಮಿಟೀಲಿ ಒಬ್ಬ ಹಿರಿಯರು ತೀರ್ಕೊಂಡ್ರು. ಆ ಜಾಗ ತುಂಬದಿದ್ರೆ ಪ್ರಾಣಿ ಇಟ್ಕೊಳ್ಳೋ ಪರ್ಮಿಷನ್ ಮುಂದುವರಿಯಲ್ಲ. ಪ್ರಾಣಿಗಳ ಡಾಕ್ಟ್ರಮ್ಮ ಊರೆಲ್ಲ ಸುತ್ತಿದ್ರು. ಸಂಬಳ ಇಲ್ಲ ಅಂದ ತಕ್ಷಣ ಬ್ಯಾಂಕ್ ಮ್ಯಾನೇಜರಿಗೆ ಪುರುಸೊತ್ತು ಇಲ್ಲದೆ ಹೋಯ್ತು. ಕಾಲೇಜು ಮೇಷ್ಟ್ರು, ಸೇರಿದ್ರೆ ಮನೆಗೊಂದು ಗಿಣಿ ಕೊಡ್ತೀರಾ ಅಂತ ಕೇಳಿದ್ರಂತೆ. ಬಟ್ಟೆ ಅಂಗಡಿ ಸಾಹುಕಾರರು ಒಪ್ಪಿ ಬಂದೂ ಬಂದ್ರು. ಆದ್ರೆ ನೀರುನಾಯಿ ಮರಿ ಮುಂದೆ ನಿಂತು ಬುಜ್ಜಿ, ಬುಜ್ಜಿ ಅಂತ ಕರೀತಾ ಫೋಟೋ ತೆಗೆಸ್ಕೊಂಡ್ರು. ಡಾಕ್ಟ್ರಮ್ಮನೇ ಕೈಮುಗಿದು ಕಳಿಸಿದ್ರು.

ಆಮೇಲೊಂದು ಸಂಜೆ, ಗೇಟಿನ ಹೊರಗೆ ಚೀಲ ಹೆಗಲಿಗೆ ಹಾಕ್ಕೊಳ್ತಿದ್ದ ನಲ್ಲಿಯಣ್ಣನನ್ನ ಅವರು ನಿಲ್ಲಿಸಿದ್ರು.

"ಅಣ್ಣ, ಕಮಿಟಿಗೆ ನೀವೇ ಬನ್ನಿ."

ಇವನು ನಕ್ಕುಬಿಟ್ಟ. "ನಾನು ಸೈನ್ ಹಾಕೋದೇ ಬೆವರು ಸುರಿಸ್ಕೊಂಡು, ಡಾಕ್ಟ್ರಮ್ಮ."

ಓದೋಕೆ ವಕೀಲರಿದ್ದಾರೆ, ಇಲ್ಲಿ ಏನು ಮುರಿದಿದೆ ಅಂತ ಗೊತ್ತಿರೋರು ಬೇಕು ಅಂದ್ರು ಅವರು. ಭಾನುವಾರ ಮೀಟಿಂಗಿದೆ, ಅಲ್ಲಿ ಒಪ್ಪಿಗೆ ಕೊಟ್ರೆ ಆಯ್ತು ಅಂದ್ರು. ಆಮೇಲೆ, ಮರೆತಿದ್ದವರ ಹಾಗೆ, "ಒಂದೇ ನಿಯಮ. ಇಲ್ಲಿ ಸಂಬಳಕ್ಕಿರೋರಿಗೆ ನೀವು ಸಂಬಂಧ ಆಗಿರಬಾರದು. ನಿಮ್ಮೋರು ಯಾರೂ ಇಲ್ವಲ್ಲ?" ಅಂದ್ರು.

"ಯಾರೂ ಇಲ್ಲ."

ಬಾಯಿಂದ ಬಂದೇಬಿಡ್ತು. ಅವನ ಜೀವಮಾನದಲ್ಲಿ ಯಾರೂ ಅವನಿಗೆ, ಬನ್ನಿ, ನಮ್ಮ ಜೊತೆ ಕೂತ್ಕೊಳ್ಳಿ ಅಂದಿರಲಿಲ್ಲ. ಹಿತ್ತಲ ಕಡೆಯಿಂದ ಬನ್ನಿ ಅಂತಿದ್ರು, ಅಷ್ಟೇ. ತಿರುಗಿ ನೋಡಿದ್ರೆ ಗೇಟಿನ ಒಳಗಡೆ ಅಳಿಯ ಬಕೆಟ್ ಹಿಡ್ಕೊಂಡು ನಿಂತಿದ್ದ. ಮುಖದಲ್ಲಿ ಏನೂ ಇಲ್ಲ. ತಿರುಗಿ ಶೆಡ್ಡಿನ ಕಡೆ ನಡೆದ. ಬಕೆಟ್ಟಿನ ನೀರು ಅವನ ಪ್ಯಾಂಟಿನ ಮೇಲೆಲ್ಲ ತುಳುಕ್ತು.

ನಲ್ಲಿಯಣ್ಣ ಮನೇಲಿ ಕಮಿಟಿ ಸುದ್ದಿ ಮಾತ್ರ ಹೇಳ್ದ. ನಿಮಗೆ ಕುರ್ಚಿ ಕೊಟ್ರೆ ಅದರ ಗತಿ ಏನು ಅಂತ ಹೆಂಡ್ತಿ ನಕ್ಕಳು. ನಕ್ಕೊಂಡೇ ಅವನ ಒಳ್ಳೇ ಅಂಗಿ ಹುಡುಕಿ ಇಸ್ತ್ರಿ ಮಾಡಿದ್ಲು. ಮಾರನೇ ದಿನ ಅಡುಗೆಮನೇಲಿ ಫೋನ್ ಬಂತು. ಅವಳು ಈಚೆ ಬಂದಾಗ ನಗು ಇರಲಿಲ್ಲ.

"ನಿಮ್ಮ ಮಗಳು ಒಂದು ಕೇಳಿದ್ಲು. ಅವತ್ತು ಅಂಗಡೀಲಿ ಅಪ್ಪನಿಗೆ ಕೋಪ ಬಂದಿತ್ತು, ಅಳಿಯ ಅಲ್ಲ ಅಂದ್ರು. ಈಗ ಗೇಟಿನ ಹತ್ರ ಯಾವ ಕೋಪ ಬಂದಿತ್ತು ಅಂತ."

ಅಷ್ಟೇ ಹೇಳಿ ಅವಳು ಪಾತ್ರೆ ತೊಳೆಯೋಕೆ ಹೋದ್ಲು. ಒಂದೊಂದು ಪಾತ್ರೇನೂ ಜೋರಾಗಿ ಇಟ್ಲು.

ಅಲ್ಲಿಂದ ಭಾನುವಾರದ ತನಕ ನಲ್ಲಿಯಣ್ಣ ಕಾಲು ಸುಟ್ಟ ಬೆಕ್ಕಿನ ಹಾಗೆ ಓಡಾಡ್ದ. ದರ್ಜಿಯಮ್ಮನ ಮನೇಲಿ ನಲ್ಲಿ ಬಿಚ್ಚಿ, ವಾಷರ್ ಹಾಕೋದು ಮರೆತು ವಾಪಸ್ ಬಂದ. ಮೈಯೆಲ್ಲ ಒದ್ದೆ ಆಗಿ ಅವಳು ಬೀದಿಗೇ ಬಂದು ಬೈದ್ಲು. ಟ್ರಸ್ಟ್ ಕಡೆ ಹೋಗೋದು, ಅರ್ಧ ದಾರೀಲಿ ತಿರುಗೋದು. ನಿಜ ಹೇಳಿದ್ರೆ ಕುರ್ಚಿ ಹೋಯ್ತು, ಡಾಕ್ಟ್ರಮ್ಮನಿಗೂ ನಡುನೀರಲ್ಲಿ ಕೈ ಬಿಟ್ಟ ಹಾಗೆ. ಹೇಳದಿದ್ರೆ? ಮಗಳ ಮಾತು ಕಿವೀಲಿ ಗುಂಯ್ ಅಂತಾನೇ ಇತ್ತು. ಬೇರೆ ಯಾರನ್ನಾದ್ರೂ ಕೇಳೋಣ ಅಂದ್ರೆ, ಕೇಳೋದಾದ್ರೂ ಏನಂತ?

ಭಾನುವಾರ ಹೋದ. ಆಫೀಸ್ ರೂಮಲ್ಲಿ ಮೇಜು, ಸುತ್ತ ಕುರ್ಚಿ, ಒಂದು ಖಾಲಿ. ಕೂತ್ಕೊಳ್ಳಿ ಅಂದ್ರು. ಇವನು ನಿಂತೇ ಇದ್ದ, ಟೋಪಿ ಹಿಂಡ್ತಾ. ವಕೀಲರು ಕನ್ನಡಕ ಏರಿಸ್ಕೊಂಡು ಎಲ್ಲರ ಮುಂದೆ ಕೇಳಿದ್ರು, ಇದೊಂದು ಕೇಳಲೇಬೇಕು, ಇಲ್ಲಿ ಕೆಲಸಕ್ಕಿರೋರು ಯಾರಾದ್ರೂ ನಿಮಗೆ ಸಂಬಂಧವಾ ಅಂತ. ಡಾಕ್ಟ್ರಮ್ಮ ಆಗಲೇ, ಇಲ್ಲ ಅಂತ ಹೇಳಿದ್ದಾರೆ ಅನ್ನೋಕೆ ಹೊರಟಿದ್ರು.

"ಇದ್ದಾನೆ," ಅಂದ ನಲ್ಲಿಯಣ್ಣ. "ಪ್ರಾಣಿ ನೋಡ್ಕೊಳ್ಳೋನು ನನ್ನ ಅಳಿಯ. ಮಗಳನ್ನ ಕೊಟ್ಟಿದ್ದೀನಿ. ಅವತ್ತು ಸುಳ್ಳು ಹೇಳ್ದೆ."

ಡಾಕ್ಟ್ರಮ್ಮ ಹಣೆ ಹಿಡ್ಕೊಂಡ್ರು. ಇದನ್ನ ಅವತ್ತೇ ಹೇಳಿದ್ರೆ ನಾನು ಇನ್ನೊಬ್ಬರನ್ನ ಹುಡುಕ್ತಿರಲಿಲ್ವಾ ಅಂತ ಬೇಜಾರಲ್ಲೇ ಕೇಳಿದ್ರು. ಇವನು ತಲೆ ತಗ್ಗಿಸ್ದ. ಊರಲ್ಲಿ ತಾನು ಕಾಲಿಡದ ಬಚ್ಚಲಿಲ್ಲ, ಮನೆ ಮನೆ ಕೇಳಿ ಒಬ್ಬರನ್ನ ಕರ್ಕೊಂಡು ಬರ್ತೀನಿ ಅಂದ. ತಿಂಗಳ ಕೊನೆ ತನಕ ಟೈಮಿದೆ, ನೋಡಿ ಅಂದ್ರು ವಕೀಲರು. ಯಾರೂ ಹೊಗಳಲಿಲ್ಲ. ಖಾಲಿ ಕುರ್ಚೀನ ಒಬ್ಬರು ಗೋಡೆಗೆ ಸರಿಸಿದ್ರು.

ಗೇಟಿನ ಹೊರಗೆ ಬಂದಾಗ ಹಿಂದಿನಿಂದ ಅಳಿಯ ಬಿರುಸಾಗಿ ಬಂದ. ಸುದ್ದಿ ಆಗಲೇ ಮುಟ್ಟಿತ್ತು.

"ಅದನ್ನ ಅಲ್ಲಿ ಹೇಳಿ ಅಂತ ನಿಮಗೆ ಯಾರಂದ್ರು?"

"ಯಾರೂ ಅನ್ನಲಿಲ್ಲ."

"ನಾಳೆಯಿಂದ ಎಲ್ಲರೂ ನನ್ನ ಕೇಳ್ತಾರೆ, ಇಷ್ಟು ದಿನ ಯಾಕೋ ಮುಚ್ಚಿಟ್ಟೆ ಅಂತ."

"ಮಾವ ಕೆಟ್ಟೋನು ಅನ್ನು."

ಅಳಿಯ ಬೇರೆ ಕಡೆ ನೋಡ್ದ. ನಲ್ಲಿಯಣ್ಣ ಟೋಪಿ ಹಾಕ್ಕೊಂಡ, ತೆಗೆದ. ನಿಮ್ಮ ಮನೆ ಕಡೆ ನಾನು ಒಂದು ಸಲ ಬರಬಹುದಾ ಅಂತ ಕೇಳ್ದ.

"ನನ್ನ ಕೇಳಬೇಡಿ ಮಾವ. ಅವಳನ್ನ ಕೇಳಿ."

ಫೋನ್ ತೆಗೆದು, ಒತ್ತಿ, ಇವನ ಕೈಗೆ ಕೊಟ್ಟ. ಅದು ಬಡ್ಕೊಳ್ತಾ ಇತ್ತು. ನಲ್ಲಿಯಣ್ಣ ಟೋಪಿ ಕಂಕುಳಿಗೆ ಸಿಕ್ಕಿಸ್ಕೊಂಡು ಕಿವಿಗೆ ಇಟ್ಟ.

"ಏನ್ರೀ," ಅಂದಳು ಮಗಳು, ಗಂಡ ಅಂದ್ಕೊಂಡು. "ಅಪ್ಪ ಏನಂದ್ರು?"

"ನಾನೇ ಕಣಮ್ಮ," ಅಂದ.

ಅವಳು ಕಟ್ ಮಾಡ್ಲಿಲ್ಲ. ಅವನು ಫೋನ್ ಕಿವಿಗೆ ಒತ್ಕೊಂಡು ರಸ್ತೆ ಆ ಬದಿಗೆ ಹೋದ, ಈ ಬದಿಗೆ ಬಂದ, ಮತ್ತೆ ಹೋದ. ಅಳಿಯನೂ ಬೇರೆ ದಾರಿ ಇಲ್ಲದೆ ತನ್ನ ಫೋನಿನ ಹಿಂದೆ ಹಿಂದೇನೇ ನಡೀತಿದ್ದ.