ನಿಲ್ಲಿಸಿದ ಗಡಿಯಾರ

ಎಲ್ಲರಂತೆ ರುದ್ರಪ್ಪನವರು ಫೋನಿನಲ್ಲಿ ಚೆನ್ನಾಗಿದ್ದೀಯಾ ಎಂದು ಕೇಳುತ್ತಿರಲಿಲ್ಲ. “ರಿಸೀವರ್ ಎದೆಗೆ ಹಿಡಿ ತಂಗಿ, ಮಾತು ಆಮೇಲೆ” ಎನ್ನುತ್ತಿದ್ದರು. ಶಿರಾಳಕೊಪ್ಪದ ನಮ್ಮ ಬೀದಿಯ ಎಸ್‌ಟಿಡಿ ಬೂತಿಗೆ ಅವರೇ ಫೋನ್ ಮಾಡಿ ನನ್ನನ್ನು ಕರೆಸುತ್ತಿದ್ದರು. ಗಾಜಿನಾಚೆ ಸಂತೆಗೆ ಬಂದ ಜನ ಸಾಲುಗಟ್ಟಿ ನೋಡುತ್ತಿರುವಾಗ, ಮದುವೆ ವಯಸ್ಸಿನ ಹುಡುಗಿ ತುಟಿಪಿಟಕ್ಕೆನ್ನದೆ ರಿಸೀವರನ್ನು ಎದೆಗೆ ಅವಚಿಕೊಂಡು ನಿಲ್ಲುವುದೆಂದರೆ ಏನು ಎಂದು ಆ ಪುಣ್ಯಾತ್ಮರಿಗೆ ಹೊಳೆಯುತ್ತಲೇ ಇರಲಿಲ್ಲ. ನಾನು ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದೆ.

ಚಿಕ್ಕಂದಿನಲ್ಲಿ ಬಂದ ಕೀಲುಜ್ವರ ನನ್ನ ಹೃದಯದ ಕವಾಟವನ್ನು ಕೆಡಿಸಿತ್ತು. ಕಾಲೇಜು ಸೇರಿದ ವರ್ಷ ಆಪರೇಷನ್ ಮಾಡಿ ಕೃತಕ ಕವಾಟ ಕೂರಿಸಿದರು. ಅದನ್ನು ರೂಪಿಸಿದ ಇಂಜಿನಿಯರೇ ಸೊರಬದ ಈ ರುದ್ರಪ್ಪನವರು. ಹೊರದೇಶದ ಕವಾಟ ನಮ್ಮಂಥವರ ಕೈಗೆ ಎಟುಕದ ಕಾಲದಲ್ಲಿ, ದೂರದ ಊರಿನ ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ಒದ್ದಾಡಿ, ಅದನ್ನು ನಮ್ಮ ದೇಶದಲ್ಲೇ ಮಾಡಿ ತೋರಿಸಿದ್ದರು. ಮೊದಮೊದಲು ಮಾಡಿದವು ಪರೀಕ್ಷೆಯಲ್ಲೇ ಒಡೆದುಹೋದವಂತೆ. ನನ್ನೊಳಗೆ ಕೂತದ್ದು ಒಡೆಯಲಿಲ್ಲ. ಆದರೆ ಎದೆ ಬಡಿದಂತೆಲ್ಲ ಟಿಕ್ ಟಿಕ್ ಎನ್ನುತ್ತಿತ್ತು. ಆ ಸದ್ದು ಮಂಕಾದರೆ ಕವಾಟದಲ್ಲಿ ರಕ್ತ ಹೆಪ್ಪುಗಟ್ಟುತ್ತಿದೆಯೇನೋ ಎಂದು ಹೆದರಬೇಕಿತ್ತು. ಅದಕ್ಕೇ ಅವರು ಹಾಗೆ ಕಿವಿಗೊಡುತ್ತಿದ್ದುದು. ಆದರೂ ಆ ಸದ್ದಿನ ಬಗ್ಗೆ ಅವರಿಗೇ ಸಂಕೋಚ. “ಸುಮ್ಮನೆ ಕೆಲಸ ಮಾಡೋ ಹಂಗೆ ಮಾಡಕ್ಕೆ ನನಗೆ ಬರಲಿಲ್ಲ ನೋಡು” ಎನ್ನುತ್ತಿದ್ದರು.

ರಜೆಯಲ್ಲಿ ಸೊರಬದ ತಂಗಿಯ ಮನೆಗೆ ಬಂದಾಗ ಹೇಳದೆ ಕೇಳದೆ ಬಸ್ಸು ಹತ್ತಿ ನಮ್ಮಲ್ಲಿಗೂ ಬಂದುಬಿಡುವರು. ಬಂದವರೇ ಫ್ಯಾನ್ ಆರಿಸಿ, ರೇಡಿಯೊ ನಿಲ್ಲಿಸಿ, ಒಳಗೆ ಕುಟ್ಟುವವರನ್ನೂ ಸುಮ್ಮನಾಗಿಸಿ, ಕಣ್ಣು ಮುಚ್ಚಿ ಕೂರುವರು. ನಮ್ಮ ದೇವರಿಗೂ ಇಷ್ಟು ಮೌನ ಬೇಡ ಎಂದು ಅವ್ವ ನಗುತ್ತಿದ್ದಳು.

ಶಿಕಾರಿಪುರದಿಂದ ನನ್ನನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದಾಗ ಅವ್ವ ಪಡಸಾಲೆಗೆ ದೊಡ್ಡದೊಂದು ಲೋಲಕದ ಗಡಿಯಾರ ತಂದು ನೇತುಹಾಕಿಸಿದಳು. ಎದೆಯ ಸದ್ದು ಗಡಿಯಾರದ್ದೆಂದೇ ಅವರು ತಿಳಿಯಲಿ, ಒಪ್ಪಿಗೆಯಾದ ಮೇಲೆ ನಿಧಾನಕ್ಕೆ ಹೇಳಿದರಾಯಿತು ಎಂಬುದು ಅವಳ ಲೆಕ್ಕಾಚಾರ. ನನಗೂ ಅದು ಸರಿಯೆನಿಸಿತ್ತು.

ಅವರೆಲ್ಲ ಅವಲಕ್ಕಿ ತಿನ್ನುತ್ತಿರುವಾಗ ರುದ್ರಪ್ಪನವರು ಬಂದರು. ಯಾರೋ ನೆಂಟರು ಎಂದುಕೊಂಡು ಕೈಮುಗಿದು ಕೂತರು. ಗಡಿಯಾರದ ಕಡೆ ಹುಬ್ಬು ಗಂಟಿಕ್ಕಿ ನೋಡಿದರು. ಅವ್ವನ ಕಣ್ಸನ್ನೆ ಅವರಿಗೆ ಕಾಣಲೇ ಇಲ್ಲ. ಎದ್ದು ಗಾಜಿನ ಬಾಗಿಲು ತೆರೆದು ಲೋಲಕವನ್ನು ಬೆರಳಿನಿಂದ ಹಿಡಿದು ನಿಲ್ಲಿಸಿ, ಅಲ್ಲೇ ಕಣ್ಣು ಮುಚ್ಚಿದರು.

“ಏನ್ರೀ ಇದು, ನಿಂತ ಗಡಿಯಾರ ಸದ್ದು ಮಾಡ್ತೈತಲ್ರೀ?” ಎಂದರು ಗಂಡಿನ ತಂದೆ.

ರುದ್ರಪ್ಪನವರು ಕಣ್ಣು ತೆರೆದರು. ಅವ್ವನ ಮುಖ ನೋಡಿದರು, ನನ್ನ ರೇಷ್ಮೆ ಸೀರೆ ನೋಡಿದರು. ಆಗಷ್ಟೇ ಅವರಿಗೆ ಎಲ್ಲ ಅರ್ಥವಾಯಿತು.

“ಅದು ನಾನು ಮಾಡಿದ್ದು ರೀ” ಎಂದರು, ಲೋಲಕವನ್ನು ಇನ್ನೂ ಹಿಡಿದುಕೊಂಡೇ. “ಹುಡುಗಿದು ಏನೂ ತಪ್ಪಿಲ್ಲ.”

ಆ ಮಾತಿನಿಂದ ಇನ್ನಷ್ಟು ಕೆಟ್ಟಿತು. ಬಂದವರು ತಟ್ಟೆ ಬಿಟ್ಟು ಎದ್ದರು. ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಅವ್ವ ರುದ್ರಪ್ಪನವರನ್ನು ಬೈಯಲಿಲ್ಲ, ಊಟಕ್ಕೆ ಏಳಿ ಎಂದೂ ಅನ್ನಲಿಲ್ಲ. ಒಂದು ಲೋಟ ನೀರೂ ಕುಡಿಯದೆ ಅವರು ಬಿಸಿಲಲ್ಲಿ ಬಸ್‌ಸ್ಟ್ಯಾಂಡಿನ ಕಡೆ ನಡೆದರು.

ಆಮೇಲೆಯೂ ಫೋನ್ ಬರುತ್ತಿತ್ತು. ಆದರೆ “ಚೆನ್ನಾಗಿದ್ದೀಯಾ ತಂಗಿ?” ಎಂದು ಕೇಳಿ, ತಪಾಸಣೆಗೆ ತಪ್ಪಿಸಬೇಡ ಎಂದು ಹೇಳಿ ಇಟ್ಟುಬಿಡುತ್ತಿದ್ದರು. ರಿಸೀವರ್ ಎದೆಗೆ ಹಿಡಿ ಎಂದು ಮತ್ತೆಂದೂ ಹೇಳಲಿಲ್ಲ. ಹೇಳದಿದ್ದರೂ ನಾನು ಹಿಡಿಯಬಹುದಿತ್ತು. ಗಾಜಿನಾಚೆ ಜನರಿದ್ದರಲ್ಲ, ಹಿಡಿಯಲಿಲ್ಲ. ನೆನೆದರೆ ಇಂದಿಗೂ ಮುಖ ಬಿಸಿಯಾಗುತ್ತದೆ.

ಒಂದು ದಿನ ಅವರು ತೀರಿಕೊಂಡ ಸುದ್ದಿ ಬಂತು. ಸೊರಬಕ್ಕೆ ಹೋದೆ. ಅವರ ತಂಗಿಯ ಮನೆಯ ಪಡಸಾಲೆಯಲ್ಲಿ ಫೋಟೊದ ಮುಂದೆ ಎಲ್ಲರೂ ಮಾತಿಲ್ಲದೆ ಕೂತಿದ್ದರು. ಫ್ಯಾನಿನ ಗುರುಗುಟ್ಟುವಿಕೆಯ ನಡುವೆಯೂ ನನ್ನ ಸದ್ದು ಕೇಳುತ್ತಿತ್ತು. ಪಕ್ಕದವರು ತಿರುಗಿ ನೋಡಿದರು. ನಾನು ಸೆರಗನ್ನು ಮುದ್ದೆ ಮಾಡಿ ಎದೆಗೆ ಒತ್ತಿ ಹಿಡಿದೆ.

ಅವರ ತಂಗಿ ಹತ್ತಿರ ಬಂದು ನನ್ನ ಕೈ ಸರಿಸಿದರು. “ತೆಗಿಯವ್ವ. ನಮ್ಮಣ್ಣ ಮಾಡಿದ್ದು, ಕೇಳ್ಲಿ.”

ಆಮೇಲೆ ಹೋಗಿ ಫ್ಯಾನ್ ಆರಿಸಿದರು.