ಅಂಕಿತಾಳ ಉಡಿ

ಜನವರಿಯ ಒಂದು ಬುಧವಾರ ಬೆಳಿಗ್ಗೆ ಹತ್ತಕ್ಕೆ ಮುಂಡಗೋಡದಿಂದ ಬಸ್ಸು ಹತ್ತಿದೆ. ಆಧಾರ್ ಕಾರ್ಡು ತೋರಿಸಿದೆ, ಕಂಡಕ್ಟರ್ ಹೆಂಗಸರ ಉಚಿತ ಟಿಕೆಟ್ ಕೊಟ್ಟ. ಕಲಘಟಗಿಯಲ್ಲಿ ಇಳಿದು ಹಳಿಯಾಳದ ಬಸ್ಸಿಗಾಗಿ ಒಂದು ತಾಸು ಕಾಯಬೇಕಾಯಿತು. ಹತ್ತು ರೂಪಾಯಿಗೆ ಒಂದು ಚಹಾ ಕುಡಿದೆ, ಅದೂ ತಣ್ಣಗಾಗಿತ್ತು. ನನ್ನ ಚೀಲದಲ್ಲಿ ಒಂದು ಸೀರೆ, ಒಂದು ಕಂಬಳಿ, ಎರಡು ಟವೆಲ್ಲು ಮತ್ತು ವಾಂತಿಗೆಂದು ಪ್ಲಾಸ್ಟಿಕ್ ಚೀಲಗಳಿದ್ದವು.

ಮೊಮ್ಮಕ್ಕಳೇ, ಅಜ್ಜಿ ವ್ಯಾನಿನಲ್ಲಿ ಎಲ್ಲಿಗೆ ಹೋಗುತ್ತಾಳೆ ಎಂದು ನೀವು ಎಷ್ಟೋ ಸಲ ಕೇಳಿದ್ದೀರಿ. ನನಗೆ ಬಾಯಿಂದ ಹೇಳಲು ಬರುವುದಿಲ್ಲ. ಮುಂಡಗೋಡದ ಹತ್ತಿರದ ಇಂದೂರಿನ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತದ್ದು ಬರೆಯುವುದಕ್ಕಾದರೂ ಸಾಕಾದೀತು ಎಂದು ಬರೆಯುತ್ತಿದ್ದೇನೆ.

ಹಳಿಯಾಳದ ಈರಣ್ಣನವರು ಸರಕಾರಿ ಬಸ್ಸಿನ ಡ್ರೈವರ್ ಆಗಿ ನಿವೃತ್ತರಾದವರು. ಹಳೆಯದೊಂದು ವ್ಯಾನು ಇಟ್ಟಿದ್ದಾರೆ. ಹಳಿಯಾಳ, ದಾಂಡೇಲಿಗಳಲ್ಲಿ ಅವರಂಥ ಇನ್ನೂ ಮೂವರಿದ್ದಾರೆ. ಬಸ್ಸು ಸರಿಯಾಗಿಲ್ಲದ ಊರುಗಳ ರೋಗಿ ಮಕ್ಕಳನ್ನು ಆಸ್ಪತ್ರೆಯ ತಾರೀಖಿನ ದಿನ ಕರೆದುಕೊಂಡು ಹೋಗಿ, ತಿರುಗಿ ಮನೆಗೆ ಬಿಡುತ್ತಾರೆ. ಯಾರಿಂದಲೂ ಏನೂ ತೆಗೆದುಕೊಳ್ಳುವುದಿಲ್ಲ. ಈರಣ್ಣನವರ ಹೆಂಡತಿ ಮಹಾದೇವಿ ನನಗೆ ಸಂಬಂಧದಲ್ಲಿ ತಂಗಿಯಾಗಬೇಕು. ನಿಮ್ಮ ಅಜ್ಜ ತೀರಿಕೊಂಡ ಮರುವರ್ಷ ಅವಳೇ ಫೋನು ಮಾಡಿ, "ಹಿಂದಿನ ಸೀಟಿನ್ಯಾಗ ಕೂಸಿನ್ನ ಹಿಡಕೊಂಡು ಕುಂದರಾಕ ಒಬ್ಬಾಕಿ ಬೇಕಾಗ್ಯಾಳ. ನೀನ ಬಾ ಅಕ್ಕಾ. ಯಾರ ಜೋಡಿನೂ ಮಾತಾಡೂದಿಲ್ಲ, ಸುಮ್ಮ ಕುಂದರೂದು" ಅಂದಳು. ಮಾತಾಡುವುದಿಲ್ಲ ಎಂದದ್ದಕ್ಕೇ ನಾನು ಒಪ್ಪಿದೆ.

ಅಂದು ಹಳಿಯಾಳದಲ್ಲಿ ಊಟ ಮಾಡಿ ಎರಡೂವರೆಗೆ ಹೊರಟೆವು. ದಾಂಡೇಲಿಯಲ್ಲಿ ಗಾಡಿಗೆ ಗಾಳಿ ತುಂಬಿಸಿದರು. ಕಾಳಿ ಹೊಳೆ ದಾಟಿದ ಮೇಲೆ ಎರಡೂ ಕಡೆ ಕಾಡು. ಜೋಯಿಡಾ ಮುಟ್ಟುವ ಹೊತ್ತಿಗೆ ಬಿಸಿಲು ಇಳಿದಿತ್ತು. ಅಲ್ಲಿಂದ ಮುಂದೆ ಡಾಂಬರು ಮುಗಿದು ಹನ್ನೆರಡು ಕಿಲೋಮೀಟರ್ ಕೆಂಪು ಮಣ್ಣಿನ ರಸ್ತೆ. ಅದಕ್ಕೆ ಮುಕ್ಕಾಲು ತಾಸು ಹಿಡಿಯಿತು. ಮರುದಿನ ಆಸ್ಪತ್ರೆಗೆ ಒಯ್ಯಬೇಕಿದ್ದ ಅಂಕಿತಾಳ ಮನೆಯವರೆಗೆ ವ್ಯಾನು ಹೋಗುವುದಿಲ್ಲ. ಒಂದು ಹಳ್ಳದ ಹತ್ತಿರ ನಿಲ್ಲಿಸಿ ಏರು ಹತ್ತಬೇಕು.

ಅಂಕಿತಾಳಿಗೆ ಏಳು ವರ್ಷ. ನೋಡಿದರೆ ನಾಲ್ಕು ಅನ್ನಬೇಕು. ಅವಳ ತಾಯಿ ಸುಜಾತಾ ಹಳಿಯಾಳ ಕಡೆಯ ಹುಡುಗಿ, ಆ ಕೊಂಕಣಿ ಮಾತಿನ ಊರಿಗೆ ಮದುವೆಯಾಗಿ ಬಂದವಳು. ಗಂಡ ಗೋವಾದಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದ. ಹುಡುಗಿಯ ತುಟಿ, ಉಗುರು ನೇರಳೆ ಹಣ್ಣು ತಿಂದವರ ಹಾಗೆ ನೀಲಿ. ಹತ್ತು ಹೆಜ್ಜೆ ನಡೆದರೆ ಕುಕ್ಕರಗಾಲಿನಲ್ಲಿ ಕುಳಿತುಬಿಡುತ್ತಾಳೆ. ಉಸಿರು ತಿರುಗಿದ ಮೇಲೆ ಎದ್ದು ಮತ್ತೆ ಹತ್ತು ಹೆಜ್ಜೆ. ಹೃದಯದಿಂದ ಪುಪ್ಪುಸಕ್ಕೆ ರಕ್ತ ಹೋಗುವ ದಾರಿ ಅವಳಿಗೆ ಹುಟ್ಟಿನಿಂದ ಸಣ್ಣದಂತೆ. ತೊಡೆಯ ನರದಿಂದ ನಳಿಕೆ ತೂರಿಸಿ ಅದನ್ನು ಅಗಲ ಮಾಡಬೇಕು. ಅದನ್ನು ಮಾಡುವ ಡಾಕ್ಟರು ಹುಬ್ಬಳ್ಳಿಯ ಒಂದು ಆಸ್ಪತ್ರೆಗೆ ತಿಂಗಳಿಗೆ ಒಂದು ದಿನ ಬರುತ್ತಾರೆ. ಡಿಸೆಂಬರಿನ ತಾರೀಖು ಜ್ವರದಿಂದ ತಪ್ಪಿತ್ತು. "ಇನ್ನ ತಡ ಮಾಡಬ್ಯಾಡ್ರಿ" ಎಂದು ಆಸ್ಪತ್ರೆಯವರು ಎರಡು ಸಲ ಫೋನು ಮಾಡಿದ್ದರು. ಮರುದಿನ, ಗುರುವಾರ, ಅವರು ಎರಡನೆಯ ಸಲ ಕೊಟ್ಟ ತಾರೀಖು.

ರಾತ್ರಿ ಊಟವಾದ ಮೇಲೆ ಅವಳಿಗೆ ಏನೂ ಕೊಡಬಾರದು, ನೀರು ಕೂಡ ಬೆಳಿಗ್ಗೆ ಐದರ ತನಕ ಮಾತ್ರ ಎಂದು ಹೇಳಿದ್ದರು. ಸುಜಾತಾ ಅದನ್ನು ಗೋಡೆಯ ಮೇಲೆ ಇದ್ದಿಲಿನಿಂದ ಬರೆದಿಟ್ಟಿದ್ದಳು.

ರಾತ್ರಿ ಅವರ ಮನೆಯಲ್ಲೇ ಮಲಗಿ ಗುರುವಾರ ಬೆಳಿಗ್ಗೆ ಐದೂವರೆಗೆ ಹೊರಟೆವು. ಮಂಜು ಎಷ್ಟಿತ್ತೆಂದರೆ ಈರಣ್ಣನವರು ತಲೆ ಹೊರಗೆ ಹಾಕಿ ಗಾಡಿ ನಡೆಸಿದರು. ಸುಜಾತಾಳಿಗೆ ಗಾಡಿಯಲ್ಲಿ ವಾಂತಿಯಾಗುತ್ತದೆ, ಅದಕ್ಕೆ ಮುಂದೆ ಕುಳಿತಳು. ಹಿಂದೆ ನಾನು ಮತ್ತು ಹುಡುಗಿ, ಒಂದೇ ಕಂಬಳಿಯೊಳಗೆ.

"ಅಜ್ಜಿ, ನೀರು."

"ಈಗಿಲ್ಲವ್ವಾ. ಡಾಕ್ಟರ್ ನೋಡಿದ ಮ್ಯಾಲೆ."

"ಒಂದ ಗುಟುಕ."

"ಒಂದ ಗುಟುಕನೂ ಇಲ್ಲ."

ಈರಣ್ಣನವರು ಕನ್ನಡಿಯಲ್ಲಿ ನೋಡಿ, "ಏ ಅಂಕಿ, ಆ ಡಾಕ್ಟರ್ ನಿನಗ ಸೂಜಿ ಚುಚ್ಚಿದ್ರ ನೀನೂ ಅವಗ ಒಂದು ಚುಚ್ಚು. ನಾ ಗಾಡಿ ಚಾಲೂ ಇಟ್ಟಿರ್ತೇನಿ, ಓಡಿ ಬಾ" ಅಂದರು.

"ನನಗ ಓಡಾಕ ಬರೂದಿಲ್ರಿ ಮಾಮಾ" ಅಂದಳು ಅವಳು. ಈರಣ್ಣನವರು ಮತ್ತೆ ತಲೆ ಹೊರಗೆ ಹಾಕಿದರು. ದಾಂಡೇಲಿ ಬರುವಷ್ಟರಲ್ಲಿ ಅವಳು ಮೂರು ಸಲ ನೀರು ಕೇಳಿದಳು, ನಾನು ಮೂರು ಸಲವೂ ಕೊಡಲಿಲ್ಲ.

ದಾಂಡೇಲಿ ದಾಟಿದ ಮೇಲೆ ನಾನು ಒಂದು ಮಾತು ಕೇಳಿದೆ. ವ್ಯಾನಿನಲ್ಲಿ ನಾನಾಗಿಯೇ ಏನನ್ನಾದರೂ ಕೇಳಿದ್ದು ಅದೇ ಮೊದಲು.

"ಈರಣ್ಣಾರ, ಹಳಿಯಾಳದಾಗ ನಿಮ್ಮ ಮನೀ ಮುಂದ ಐದ ಮಿನಿಟ ನಿಲ್ಲಸ್ತೀರೇನ್ರಿ? ಹೆಣ್ಣಮಗಳು ಇಷ್ಟ ದೊಡ್ಡ ಕೆಲಸಕ್ಕ ಹೊಂಟಾಳ. ಬರೇ ಉಡೀಲೆ ಹೆಂಗ ಕಳಸೂದು?"

"ಟೈಮ್ ಆಕ್ಕೇತ್ರಿ ಅಕ್ಕಾರ. ಕಬ್ಬಿನ ಟ್ರ್ಯಾಕ್ಟರ್ ಸಿಕ್ಕರ ಮುಗೀತು."

"ನಿಲ್ಲಸ್ರಿ ಕಾಕಾ" ಅಂದಳು ಸುಜಾತಾ. "ತವರುಮನೀ ಊರು. ನನ್ನ ಮಗಳಿಗೆ ಇಲ್ಲಿ ಯಾರೂ ಉಡಿ ತುಂಬಿಲ್ಲ."

ನಿಮ್ಮ ಅಮ್ಮ ಪ್ರತಿ ಸಲ ನನ್ನ ಮನೆಯಿಂದ ಹೊರಡುವಾಗ ಪಕ್ಕದ ಮನೆಯ ಕಾಕೂನನ್ನು ಕರೆದು ಉಡಿ ತುಂಬಿಸುತ್ತೇನಲ್ಲ, ಅದೇ. ನಾನು ಗಂಡ ಸತ್ತವಳು, ನನ್ನ ಕೈಯಿಂದ ತುಂಬುವ ಹಾಗಿಲ್ಲ. ಮಹಾದೇವಿ ತುಂಬಿದಳು. ಹುಡುಗಿಯನ್ನು ಪೂರ್ವಕ್ಕೆ ಮುಖ ಮಾಡಿ ಮಣೆಯ ಮೇಲೆ ಕೂರಿಸಿ, ಕುಂಕುಮ ಹಚ್ಚಿ, ಹೊಸ ಕುಪ್ಪಸದ ಕಣ ಮಡಿಲಲ್ಲಿ ಹಾಸಿ ಐದು ಬೊಗಸೆ ಅಕ್ಕಿ, ತೆಂಗಿನಕಾಯಿ, ಅರಿಷಿಣ ಕೊಂಬು, ಐದು ಉತ್ತತ್ತಿ, ಒಂದು ಬೆಲ್ಲದ ಅಚ್ಚು, ಎರಡು ಬಾಳೆಹಣ್ಣು ಹಾಕಿದಳು. ಅಂಕಿತಾ ಅಷ್ಟು ಗಂಭೀರವಾಗಿ ಕುಳಿತದ್ದನ್ನು ನೋಡಿ ಮಹಾದೇವಿ, "ನೋಡ್ರಿ ಮದಿಮಗಳನ್ನ!" ಎಂದು ನಕ್ಕಳು. ಹನ್ನೆರಡು ನಿಮಿಷ ಹಿಡಿಯಿತು. ತುಂಬಿದ ಉಡಿಯನ್ನು ತುಂಬಿಸಿಕೊಂಡವರಿಂದ ಯಾರೂ ತೆಗೆದುಕೊಳ್ಳುವುದಿಲ್ಲ, ಮನೆ ಮುಟ್ಟುವ ತನಕ ಅವರ ಮಡಿಲಲ್ಲೇ ಇರಬೇಕು. ಹಾಗಾಗಿ ಗಂಟು ಅವಳ ಮಡಿಲಲ್ಲೇ ಗಾಡಿ ಹತ್ತಿತು.

ಮಕ್ಕಳೇ, ಆಗ ನನಗೆ ಹೊಳೆಯಲೇ ಇಲ್ಲ. ನೀರಿನ ಬಾಟಲಿಯನ್ನು ನನ್ನ ಕಾಲ ಕೆಳಗೆ ಬಚ್ಚಿಟ್ಟವಳು ನಾನೇ. ಆದರೆ ಆ ಗಂಟು ನನ್ನ ಕಣ್ಣಿಗೆ ಉಡಿಯಾಗಿತ್ತು, ತಿನ್ನುವ ಪದಾರ್ಥವಾಗಿರಲಿಲ್ಲ. ಸುಜಾತಾಳಿಗೂ, ಈರಣ್ಣನವರಿಗೂ, ಮಹಾದೇವಿಗೂ ಹಾಗೆಯೇ. ನಾವು ನಾಲ್ಕು ಜನ ದೊಡ್ಡವರು ಹಸಿದ ಕೂಸಿನ ಮಡಿಲಿಗೆ ಬೆಲ್ಲ ಹಾಕಿ ಕೈ ಮುಗಿದೆವು.

ಹಳಿಯಾಳದ ಹೊರಗೆ ಈರಣ್ಣನವರು ಹೆದರಿದ್ದೇ ಆಯಿತು. ಕಾರ್ಖಾನೆಯ ಕಡೆ ಹೊರಟ ಕಬ್ಬಿನ ಟ್ರ್ಯಾಕ್ಟರುಗಳು ಸಾಲಾಗಿ ನಿಂತಿದ್ದವು. ಅವರು ಹಾರ್ನ್ ಬಾರಿಸುತ್ತ, ಇಳಿದು ಕೂಗಾಡುತ್ತ ದಾರಿ ಮಾಡಿಕೊಂಡರು. ನಾನು ಗಡಿಯಾರ ನೋಡುತ್ತ ಕಿಟಕಿಯ ಹೊರಗೇ ಕಣ್ಣಿಟ್ಟಿದ್ದೆ. ಹುಡುಗಿ ಕಂಬಳಿ ತಲೆಯ ಮೇಲೆ ಎಳೆದುಕೊಂಡಿದ್ದಳು. ನಿದ್ದೆ ಹತ್ತಿತು, ನೀರು ಕೇಳುವುದು ತಪ್ಪಿತು ಎಂದುಕೊಂಡೆ.

ಧಾರವಾಡ ಹತ್ತಿರ ಬಂದಾಗ ಅವಳ ಕೈ ಹಿಡಿದೆ. ಅಂಟು ಅಂಟಾಗಿತ್ತು. ಕಂಬಳಿ ಸರಿಸಿದೆ. ಮುಷ್ಟಿಯಲ್ಲಿ ಉತ್ತತ್ತಿಯ ಬೀಜಗಳಿದ್ದವು. ಬೆಲ್ಲದ ಅಚ್ಚು ಅರ್ಧವಾಗಿತ್ತು. ಬಾಳೆಹಣ್ಣಿನ ಸಿಪ್ಪೆ ಎರಡೂ ಸೀಟಿನ ಸಂದಿಯಲ್ಲಿದ್ದವು. ಅವಳು ನನ್ನ ಕಿವಿಗೆ ಬಾಯಿ ಹಚ್ಚಿ, "ಅವ್ವಗ ಹೇಳಬ್ಯಾಡ ಅಜ್ಜಿ. ಬಡೀತಾಳ" ಅಂದಳು. ಬಾಯಿಂದ ಬೆಲ್ಲದ ವಾಸನೆ ಬಂತು.

ನಾನು ಟವೆಲ್ಲಿನಿಂದ ಅವಳ ಕೈ ಒರೆಸಿದೆ, ಬಾಯಿ ಒರೆಸಿದೆ. ಬೀಜಗಳನ್ನು ನನ್ನ ಸೆರಗಿನ ತುದಿಗೆ ಕಟ್ಟಿಕೊಂಡೆ. ಯಾರಿಗೂ ಹೇಳಲಿಲ್ಲ. ಧಾರವಾಡದಿಂದ ಹುಬ್ಬಳ್ಳಿಗೆ ಇಪ್ಪತ್ತು ಕಿಲೋಮೀಟರ್. ಆ ದಾರಿಯಲ್ಲಿ ಏನಿತ್ತು ಎಂದು ಕೇಳಿದರೆ ನನಗೆ ಗೊತ್ತಿಲ್ಲ. ಎರಡು ಬಾಳೆಹಣ್ಣಿನಿಂದ ಏನಾದೀತು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಈ ತಾರೀಖೂ ತಪ್ಪಿದರೆ ಎಂಬುದು ಒಂದು ಭಯ. ಉಡಿ ತುಂಬಿಸಿದವಳು ನಾನು ಎಂಬುದು ಇನ್ನೊಂದು. ಯಾವುದು ನನ್ನ ಬಾಯಿ ಕಟ್ಟಿತ್ತೋ ಇವತ್ತಿಗೂ ಖಚಿತವಾಗಿ ಹೇಳಲಾರೆ.

ಒಂಬತ್ತೂವರೆಗೆ ಆಸ್ಪತ್ರೆ ಮುಟ್ಟಿದೆವು. ಮೂರನೆಯ ಮಹಡಿ. ನರ್ಸಮ್ಮ ಕಾಗದ ಹಿಡಿದು ಕೇಳಿದಳು. "ರಾತ್ರಿಯಿಂದ ಏನರ ತಿಂದಾಳೇನ್ರಿ?"

"ಏನೂ ಇಲ್ರಿ" ಅಂದಳು ಸುಜಾತಾ. "ನೀರೂ ಕುಡಿದಿಲ್ಲ ನನ್ನ ಕೂಸು." ಅಷ್ಟು ಹೆಮ್ಮೆಯಿಂದ ಹೇಳಿದಳು. ಅಂಕಿತಾ ನನ್ನನ್ನು ನೋಡಿದಳು. ನರ್ಸಮ್ಮ ಬರೆದುಕೊಂಡಳು.

ಹಸಿರು ಅಂಗಿ ಹಾಕಿದರು. ಅದು ಅವಳ ಪಾದದ ತನಕ ಬಂತು. ಗಾಲಿಯ ಮಂಚದ ಮೇಲೆ ಮಲಗಿಸಿದರು. ಎಚ್ಚರ ತಪ್ಪಿಸುವ ಔಷಧ ಕೊಡುವ ಡಾಕ್ಟರು, ಕನ್ನಡಕದ ಸಣ್ಣ ವಯಸ್ಸಿನವರು, ಬಂದು ಅವಳ ಬಾಯಿ ತೆಗೆಸಿ ನೋಡಿ ಮುಂದಿನ ಬಾಗಿಲಿಗೆ ಹೋದರು. ಮಂಚವನ್ನು ತಳ್ಳಲು ಒಬ್ಬ ಬಂದ. ಅದರ ಗಾಲಿ ಕಿರ್ ಎಂದಿತು. ಆಗ ನಾನು ಎದ್ದೆ. ಓಡಿದೆ ಎಂದು ಈರಣ್ಣನವರು ಆಮೇಲೆ ಹೇಳಿದರು.

"ಸಾಹೇಬ್ರ" ಅಂದೆ. ಸೆರಗಿನ ಗಂಟು ಬಿಚ್ಚಿ ಬೀಜಗಳನ್ನು ಅವರ ಮುಂದೆ ಹಿಡಿದೆ. "ಹುಡುಗಿ ತಿಂದಾಳ್ರಿ. ಎರಡು ಬಾಳೀಹಣ್ಣು, ಬೆಲ್ಲ, ಉತ್ತತ್ತಿ. ಹಳಿಯಾಳ ದಾಟಿದ ಮ್ಯಾಲೆ. ತಪ್ಪು ನಂದ್ರಿ."

ಅವರು ಬೀಜಗಳನ್ನು ನೋಡಿದರು, ನನ್ನನ್ನು ನೋಡಿದರು. "ಎಷ್ಟ ಗಂಟೆಗೆ?"

"ಎಂಟರ ಸುಮಾರಿಗೆ."

ಮಂಚ ನಿಂತಿತು. ಡಾಕ್ಟರು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಿಧಾನವಾಗಿ ತಿಳಿಸಿ ಹೇಳಿದರು. "ಎಚ್ಚರ ತಪ್ಪಿಸೂ ಔಷಧ ಕೊಟ್ಟಾಗ ಹೊಟ್ಟ್ಯಾಗಿನದು ಮ್ಯಾಲೆ ಬಂದು ಪುಪ್ಪುಸಕ್ಕ ಇಳೀತೈತಿ ಅಜ್ಜಿ. ಈ ಹುಡುಗಿಗೆ ಹಂಗಾದ್ರ ನಮ್ಮ ಕೈಯಾಗ ಉಳಿಯೂದಿಲ್ಲ. ಇವತ್ತ ಆಗೂದಿಲ್ಲ."

"ಸಂಜೀಕ ಮಾಡ್ರಿ" ಅಂದಳು ಸುಜಾತಾ. "ನಾಳೆ ಮಾಡ್ರಿ. ಇಲ್ಲೇ ನೆಲದ ಮ್ಯಾಲೆ ಇರ್ತೇವಿ."

ಸಂಜೆಗೆ ತಿಂಗಳಿಗೊಮ್ಮೆ ಬರುವ ಆ ದೊಡ್ಡ ಡಾಕ್ಟರು ಹೊರಡುವವರಿದ್ದರು. ಅಷ್ಟರಲ್ಲಿ ಇನ್ನೂ ನಾಲ್ಕು ಮಕ್ಕಳಿದ್ದವು. ಅಂಕಿತಾಳ ಜಾಗಕ್ಕೆ ಹಾವೇರಿ ಕಡೆಯ ಒಬ್ಬ ಹುಡುಗನನ್ನು ಕರೆದರು. ನಮ್ಮ ಕಾಗದದ ಮೇಲೆ ಫೆಬ್ರವರಿಯ ತಾರೀಖು ಬರೆದುಕೊಟ್ಟರು. ಅಷ್ಟರ ತನಕ ಹೆಚ್ಚು ನೀಲಿಯಾದರೆ ಮೊಣಕಾಲು ಎದೆಗೆ ಒತ್ತಿ ಹಿಡಿಯಬೇಕು, ಕೂಡಲೇ ಹತ್ತಿರದ ಆಸ್ಪತ್ರೆಗೆ ಒಯ್ಯಬೇಕು ಎಂದು ನರ್ಸಮ್ಮ ತೋರಿಸಿಕೊಟ್ಟಳು. ಹತ್ತಿರದ ಆಸ್ಪತ್ರೆ ಎಂದರೆ ಯಾವುದು ಎಂದು ಸುಜಾತಾ ಕೇಳಲಿಲ್ಲ.

ಅವಳು ಮಗಳನ್ನು ಹೊಡೆಯಲಿಲ್ಲ. ನನ್ನ ಕಡೆ ತಿರುಗಿ, "ಯಾವಾಗಿಂದ ಗೊತ್ತಿತ್ತು ನಿಮಗ?" ಎಂದು ಕೇಳಿದಳು.

"ಧಾರವಾಡದಿಂದ."

ಅವಳು ಮಗಳನ್ನು ಎತ್ತಿಕೊಂಡು ಮೆಟ್ಟಿಲಿಳಿದಳು.

ಆಸ್ಪತ್ರೆಯ ಎದುರಿನ ಖಾನಾವಳಿಯಲ್ಲಿ ಈರಣ್ಣನವರು ನಾಲ್ಕು ತಟ್ಟೆ ಉಪ್ಪಿಟ್ಟು ತರಿಸಿದರು. ಅಂಕಿತಾ ಒಬ್ಬಳೇ ತಿಂದಳು, ಎರಡು ಲೋಟ ನೀರು ಕುಡಿದಳು. "ನಾಳೆ ಸೂಜಿ ಇಲ್ಲೇನ್ರಿ ಮಾಮಾ?" ಎಂದಳು. ಈರಣ್ಣನವರು ಬಿಲ್ಲು ಕೊಡುವ ನೆವದಲ್ಲಿ ಎದ್ದು ಹೋದರು.

ಮಧ್ಯಾಹ್ನದ ಬಿಸಿಲಿನಲ್ಲಿ ಅದೇ ದಾರಿ ಹಿಂದಕ್ಕೆ. ತಿರುಗಿ ಬರುವಾಗ ಸುಜಾತಾ ಹಿಂದೆ ಕುಳಿತು ಮಗಳನ್ನು ತಾನೇ ಹಿಡಿದುಕೊಂಡಳು. ನನ್ನನ್ನು ಮುಂದೆ ಕೂರಿಸಿದಳು. ವಾಂತಿಯಾದಾಗಲೂ ಜಾಗ ಬದಲಿಸಲಿಲ್ಲ. ಹಳಿಯಾಳದಲ್ಲಿ ಈರಣ್ಣನವರು ಗಾಡಿ ನಿಲ್ಲಿಸದೆ ತಮ್ಮ ಓಣಿ ದಾಟಿಸಿದರು. ಮಹಾದೇವಿ ಬಾಗಿಲಲ್ಲಿ ನಿಂತು ಕಾಯುತ್ತಿದ್ದದ್ದು ಕಂಡಿತು. ದಾಂಡೇಲಿ ದಾಟಿ ಕಾಡಿನಲ್ಲಿ ಹುಡುಗಿಗೆ ಒಮ್ಮೆ ಉಸಿರು ಕಟ್ಟಿತು. ಮುಖ ಹೊಳೆಯ ಕಲ್ಲಿನ ಬಣ್ಣಕ್ಕೆ ತಿರುಗಿತು. ಸುಜಾತಾ ಮೊಣಕಾಲು ಎದೆಗೆ ಒತ್ತಿ ಹಿಡಿದಳು. ಈರಣ್ಣನವರು ಗಾಡಿ ನಿಲ್ಲಿಸಿದರು. ಆ ನೀಲಿ ಇಳಿಯುವ ತನಕ ನಾವು ಮೂವರೂ ಅವಳ ಉಸಿರನ್ನೇ ಕೇಳುತ್ತ ಕುಳಿತೆವು. ಎಷ್ಟು ಹೊತ್ತೆಂದು ನಾನು ಗಡಿಯಾರ ನೋಡಲಿಲ್ಲ.

ಐದೂವರೆಗೆ ಹಳ್ಳದ ಹತ್ತಿರ ಇಳಿದೆವು. ಏರು ಹತ್ತಲು ಈರಣ್ಣನವರು ಹುಡುಗಿಯನ್ನು ಎತ್ತಿಕೊಳ್ಳಲು ಹೋದರೆ ಅವಳು ಬಿಡಲಿಲ್ಲ, ಉಡಿ ಚೆಲ್ಲುತ್ತದೆ ಅಂದಳು. ಉಳಿದ ಅಕ್ಕಿ, ಕಾಯಿ, ಅರ್ಧ ಬೆಲ್ಲದ ಗಂಟು ಇನ್ನೂ ಅವಳ ಮಡಿಲಲ್ಲೇ ಇತ್ತು. ಸುಜಾತಾ ನಾಲ್ಕು ಹೆಜ್ಜೆ ಹೋದವಳು ನಿಂತು, ತಿರುಗಿ ನನ್ನ ಹತ್ತಿರ ಬಂದಳು.

"ಅಕಿ ತಿಂದದ್ದನ್ನ ನಾ ನೋಡಿದ್ದರ ಹೇಳತಿದ್ದಿಲ್ಲ" ಅಂದಳು. "ಸುಮ್ಮ ಒಳಗ ಕಳಸತಿದ್ದೆ."

ಅದು ಬೈಗುಳವೋ ಬೇರೇನೋ ನನಗೆ ತಿಳಿಯಲಿಲ್ಲ.

"ಮುಂದಿನ ತಾರೀಖಿಗೂ ನೀವ ಬರ್ರಿ. ಅಕಿ ಬಾಜೂ ನೀವ ಕುಂದರ್ರಿ" ಅಂದು ಹೋದಳು.

ವ್ಯಾನು ತಿರುಗುವಾಗ ಹಿಂದಿನ ಗಾಜಿನಲ್ಲಿ ನೋಡಿದೆ. ಏರಿನ ನಡುವೆ ಅಂಕಿತಾ ಕುಕ್ಕರಗಾಲಿನಲ್ಲಿ ಕುಳಿತಿದ್ದಳು, ಗಂಟನ್ನು ಎರಡೂ ಕೈಯಿಂದ ಹೊಟ್ಟೆಗೆ ಒತ್ತಿಕೊಂಡು. ಸುಜಾತಾ ಪಕ್ಕದಲ್ಲಿ ನಿಂತಿದ್ದಳು. ಹುಡುಗಿ ಎದ್ದಳು, ಒಂದಿಷ್ಟು ಹೆಜ್ಜೆ ನಡೆದಳು, ಮತ್ತೆ ಕುಳಿತಳು. ಅವಳು ಮೂರನೆಯ ಸಲ ಏಳುವ ಮೊದಲೇ ರಸ್ತೆ ತಿರುಗಿತು.

ಫೆಬ್ರವರಿಯ ಆ ತಾರೀಖಿಗೆ ಇನ್ನು ಹದಿನಾರು ದಿನ ಇದೆ.